ಅರ್ಧ ಟ್ಯಾಂಕಿನ ಜೀಪು

೧೯೭೭ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಇಯತ್ತೆ, ಅರ್ಧ ವರ್ಷವೂ ಆಗಿರಲಿಲ್ಲ. ಯಾರೂ ಬಿಡಿಸಲಿಲ್ಲ. ತೊಟ್ಟಿಗೆ ಒಂದು ನಳದಿಂದ ನೀರು ಬರುತ್ತದೆ, ಇನ್ನೊಂದರಿಂದ ಹೋಗುತ್ತದೆ, ತೊಟ್ಟಿ ಎಷ್ಟು ಹೊತ್ತಿಗೆ ತುಂಬೀತು ಎಂದು ಮಾಸ್ತರರು ಕೇಳಿದರು. ಹೋಗುವ ನಳವನ್ನು ಮೊದಲು ಬಂದ್ ಮಾಡಬೇಕು ಎಂದೆ. ತರಗತಿ ನಕ್ಕಿತು. ಮರುದಿನದಿಂದ ನಾನು ಹೋಗಲಿಲ್ಲ. ಆಮೇಲೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಳಿಗೆಗಳ ಲೆಕ್ಕವನ್ನೇ ಮಾಡಿದೆ, ಮತ್ತು ಈಗಲೂ ನನ್ನ ಉತ್ತರ ತಪ್ಪಲ್ಲ ಎಂದೇ ಹೇಳುತ್ತೇನೆ.

ನಮ್ಮ ಮನೆ ಹೊನ್ನಾವರದಲ್ಲಿ, ಹೊಳೆ ಸಮುದ್ರಕ್ಕೆ ಸೇರುವ ಕಡೆ. ಅಪ್ಪ ದೋಣಿಗಳ ಹಲಗೆ ಸಂದಿಗೆ ಹತ್ತಿ ನೂಲು ತುಂಬುವವ. ಒಂದು ಕೈಯಲ್ಲಿ ಚಾಣ, ಇನ್ನೊಂದರಲ್ಲಿ ಮರದ ಸುತ್ತಿಗೆ, ಬಾಯಲ್ಲಿ ಎಲೆ ಅಡಿಕೆ. ನೂಲನ್ನು ಎಣ್ಣೆಯಲ್ಲಿ ನೆನೆಸಿ, ಹುರಿ ಮಾಡಿ, ಹಲಗೆ ಹಲಗೆಯ ನಡುವೆ ಬಡಿದು ಕೂರಿಸಿದರೆ ಒಂದು ಹನಿ ನೀರು ಒಳಗೆ ಬರುವುದಿಲ್ಲ. ಶಾಲೆ ಬಿಟ್ಟ ಮೇಲೆ ಮೂರು ಮಳೆಗಾಲ ನಾನೂ ಆ ಕೆಲಸ ಮಾಡಿದೆ. ಆಮೇಲೆ ದೋಣಿಗೆ ಇಂಜಿನ್ನು ಕೂರಿಸುವವರು ಬಂದರು. ಅವರು ನಟ್ಟು ತಿರುಗಿಸುವ ಪಾನಾ ಹಿಡಿಯುವುದನ್ನು ನೋಡುತ್ತಾ ನಿಂತವನಿಗೆ ಚಾಣದ ಮೇಲೆ ಮನಸ್ಸು ನಿಲ್ಲಲಿಲ್ಲ. ಭಟ್ಕಳದಲ್ಲಿ ಒಬ್ಬರು ಉಸ್ತಾದರಿದ್ದಾರೆ, ಜೀಪು ಬಿಟ್ಟು ಬೇರೆ ಗಾಡಿ ಮುಟ್ಟುವುದಿಲ್ಲ ಎಂದು ಯಾರೋ ಹೇಳಿದರು. ಬಸ್ಸು ಹತ್ತಿದೆ.

ಈಗ ಹಳೆಯ ಜೀಪುಗಳಿಗೆ ದೊಡ್ಡ ಮರ್ಯಾದೆ ಬಂದಿದೆ. ವಿಂಟೇಜು ಎನ್ನುತ್ತಾರೆ. ಬಣ್ಣ ಬಳಿಸಿ, ಹುಡ್ಡು ಹೊಲಿಸಿ, ಫೋಟೋ ತೆಗೆಸಿಕೊಳ್ಳುತ್ತಾರೆ. ಬೇರೆ ಬೇರೆ ಗ್ಯಾರೇಜಿಗೆ ಹೊಸದಾಗಿ ಸೇರಿದವರು ಅಂಥದೊಂದು ಗಾಡಿ ಬಂದಾಗ ನನಗೆ ಫೋನು ಮಾಡುತ್ತಾರೆ: “ಪೆಟ್ರೋಲು ಪಂಪಿಗೆ ಬತ್ತಾ ಇಲ್ಲ, ಎಂತ ಮಾಡೂದು?” ಫೋನಿನಲ್ಲಿ ಹೇಳಿದರೆ ಅರ್ಧ ಕೇಳುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ನನ್ನ ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ಕೆಲಸದಲ್ಲಿ ತಪ್ಪಿದ್ದ ಕಡೆ ನಾನೇ ಹೇಳುತ್ತೇನೆ.

ಕಾದರ್ ಉಸ್ತಾದರ ಗ್ಯಾರೇಜು ಎಂದರೆ ಒಂದು ಹಲಸಿನ ಮರ, ಅದಕ್ಕೆ ತಾಗಿಸಿ ತಗಡಿನ ಮಾಡು. ಮನುಷ್ಯ ತೆಳ್ಳಗೆ, ತಲೆಗೆ ಬಿಳಿ ಟೊಪ್ಪಿ, ಅಂಗಿಯ ತೋಳು ಮಡಿಸಿದ್ದನ್ನು ನಾನು ಕಂಡಿಲ್ಲ. ಆದರೂ ತೋಳಿಗೆ ಗ್ರೀಸು ತಾಗುತ್ತಿರಲಿಲ್ಲ. ಮನೆಯಲ್ಲಿ ನವಾಯತಿ, ನಮ್ಮ ಹತ್ತಿರ ಕನ್ನಡ, ಗಾಡಿಯ ಹತ್ತಿರ ಯಾವ ಭಾಷೆಯೂ ಇಲ್ಲ, ಬರೀ ಕಿವಿ. ಪೆಟ್ರೋಲು ಸೋರುತ್ತಿದೆಯೇ ಎಂದು ನೋಡಲು ಅವರು ಕಣ್ಣು ಬಳಸುತ್ತಿರಲಿಲ್ಲ. ಕೈಯ ಹಿಂಭಾಗವನ್ನು ಪೈಪಿನ ಉದ್ದಕ್ಕೂ ಮೆಲ್ಲಗೆ ಒಯ್ಯುತ್ತಿದ್ದರು. ಪೆಟ್ರೋಲು ಆರುವಾಗ ತಂಪಾಗುತ್ತದೆ. ಒದ್ದೆ ಕಾಣದ ಕಡೆಯೂ ಆ ತಂಪು ಚರ್ಮಕ್ಕೆ ತಿಳಿಯುತ್ತದೆ. “ಅಂಗೈ ಕೆಲಸಕ್ಕೆ, ಹಿಂಗೈ ಪರೀಕ್ಷೆಗೆ” ಎನ್ನುತ್ತಿದ್ದರು. ಇದನ್ನು ನಾನು ಇಂದಿಗೂ ಬಿಟ್ಟಿಲ್ಲ.

ಎರಡನೆಯ ಮಹಾಯುದ್ಧದ ಕಾಲದ ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕು ಇರುವುದು ಎಲ್ಲಿ? ಓಡಿಸುವವನ ಸೀಟಿನ ಕೆಳಗೆ. ಅಲ್ಲಿಂದ ತಾಮ್ರದ ಪೈಪು ಚಾಸಿಯ ಪಕ್ಕದಲ್ಲಿ ಹರಿದು ಇಂಜಿನ್ನಿನ ಬದಿಯ ಪಂಪಿಗೆ ಹೋಗುತ್ತದೆ, ಪಂಪಿನಿಂದ ಕಾರ್ಬುರೇಟರಿಗೆ. ನಡುವೆ ಎಷ್ಟು ಜೋಡಣೆಗಳಿವೆಯೋ ಅಷ್ಟು ಅಪಾಯ. ಪೈಪಿನ ಬಾಯಿಯನ್ನು ಕಹಳೆಯ ಬಾಯಿಯ ಹಾಗೆ ಅರಳಿಸಿ, ಹಿತ್ತಾಳೆಯ ನಟ್ಟಿನಿಂದ ಒತ್ತಿ ಕೂರಿಸಬೇಕು. ತಾಮ್ರವನ್ನು ಮೊದಲು ಕೆಂಡದಲ್ಲಿ ಕಾಯಿಸಿ ನೀರಿಗೆ ಅದ್ದಿ ಮೆತ್ತಗೆ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಅರಳಿಸುವಾಗ ಅಂಚು ಸೀಳುತ್ತದೆ. ನಟ್ಟನ್ನು ಮೊದಲೇ ಪೈಪಿಗೆ ತೂರಿಸಬೇಕು. ಇದು ಹೇಳಬೇಕಾದ ಮಾತೇ ಎಂದು ನಗಬೇಡಿ. ಬಾಯಿ ಚಂದ ಅರಳಿಸಿ, ನೋಡಿ ಸಂತೋಷಪಟ್ಟು, ಆಮೇಲೆ ನಟ್ಟು ಬೆಂಚಿನ ಮೇಲೇ ಉಳಿದಿದೆ ಎಂದು ಕಂಡುಕೊಳ್ಳದ ಮೆಕ್ಯಾನಿಕ್ ಇನ್ನೂ ಹುಟ್ಟಿಲ್ಲ. ನಾನು ಮೂರು ಸಲ ಕಂಡುಕೊಂಡಿದ್ದೇನೆ.

ಉಸ್ತಾದರ ಗ್ಯಾರೇಜಿನಲ್ಲಿ ಒಂದು ಕಟ್ಟಳೆ ಇತ್ತು. ಬೇರೆ ಎಲ್ಲೂ ನಾನು ಅದನ್ನು ಕಂಡಿಲ್ಲ. ಪೆಟ್ರೋಲ್ ಪೈಪಿನ ಜೋಡಣೆ ಯಾರು ಮಾಡಿದರೋ ಅವರೇ ಆ ಜೀಪಿನ ಮೊದಲ ಓಟದಲ್ಲಿ ಟ್ಯಾಂಕಿನ ಮೇಲಿನ ಸೀಟಿನಲ್ಲಿ ಕೂತು ಓಡಿಸಬೇಕು. ಟ್ಯಾಂಕು ಕಂಠಪೂರ್ತಿ ತುಂಬಿರಬೇಕು. “ಸೋರುವುದಾದರೆ ನಿನ್ನ ಅಡಿಗೇ ಸೋರಲಿ. ಗಿರಾಕಿಯ ಅಡಿಗೆ ಯಾಕೆ?” ಪಕ್ಕದ ಸೀಟಿನಲ್ಲಿ ಉಸ್ತಾದರು ಕೂತು ಕಣ್ಣು ಮುಚ್ಚಿ ಕೇಳುತ್ತಾ ಬರುತ್ತಿದ್ದರು. ತಮ್ಮ ಜೋಡಣೆಯ ಮೇಲೆ ಮಾತ್ರ ತಾವು ಕೂರುತ್ತಿದ್ದರು, ಬೇರೆಯವರದರ ಮೇಲೆ ಎಂದೂ ಇಲ್ಲ. ಭಟ್ಕಳದಿಂದ ಕುಮಟೆಯವರೆಗೆ ಜೀಪು ಇದ್ದವರಿಗೆಲ್ಲ ಈ ಕಟ್ಟಳೆ ಗೊತ್ತಿತ್ತು. ಅದಕ್ಕೇ ಅವರ ಹತ್ತಿರ ಬರುತ್ತಿದ್ದರು.

ಸೇರಿದ ಎರಡನೆಯ ವರ್ಷ ನನಗೂ ಪೈಪಿನ ಕೆಲಸ ಸಿಕ್ಕಿತು. ಜೀಪು ಕತಗಾಲದ ಹೆಗಡೆಯವರದು. ಮಿಲಿಟರಿ ಲಿಲಾವಿನಲ್ಲಿ ಕೊಂಡದ್ದು, ಸ್ಟೇರಿಂಗ್ ಎಡಕ್ಕೆ. ಆಗಲೇ ಅದಕ್ಕೆ ನಲವತ್ತರ ಹತ್ತಿರ ವಯಸ್ಸು. ಕತಗಾಲದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ವಾರಕ್ಕೆ ಎರಡು ಸಲ ಜನ, ಸಾಮಾನು ಸಾಗಿಸುತ್ತಿದ್ದರು. ಪಂಪಿನ ಹತ್ತಿರದ ಒಂದು ನಟ್ಟು ಸ್ವಲ್ಪ ಒಸರುತ್ತಿತ್ತು. ಬಿಚ್ಚಿದೆ, ಬಾಯಿ ಅರಳಿಸಿದೆ, ಬಿಗಿದೆ. ಮತ್ತೂ ಒಸರಿತು. ಇನ್ನೊಮ್ಮೆ ಬಿಗಿದೆ. ಆಗ ನನ್ನ ಕೈ ತನಗೆ ಗೊತ್ತಿದ್ದ ಕೆಲಸ ಮಾಡಿತು. ಹತ್ತಿ ನೂಲು ಎಣ್ಣೆಯಲ್ಲಿ ಅದ್ದಿ, ಹುರಿ ಮಾಡಿ, ನಟ್ಟಿನೊಳಗೆ ನಾಲ್ಕು ಸುತ್ತು ಸುತ್ತಿ ಕೂರಿಸಿದೆ. ಒಸರುವುದು ನಿಂತಿತು. ಟ್ಯಾಂಕಿನ ಮೇಲೆ ಕೂತು ಮುರ್ಡೇಶ್ವರದವರೆಗೆ ಓಡಿಸಿ ತಂದೆ. ಉಸ್ತಾದರ ಹಿಂಗೈಗೂ ಏನೂ ಸಿಗಲಿಲ್ಲ. ಅಪ್ಪನ ವಿದ್ಯೆ ಇಲ್ಲೂ ನಡೆಯಿತಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಐದನೆಯ ದಿನ ಹೆಗಡೆಯವರ ಜೀಪನ್ನು ಲಾರಿಗೆ ಕಟ್ಟಿ ಎಳೆದು ತಂದರು. ಜನ ತುಂಬಿಕೊಂಡು ಹೊರಟವರು ಕುಮಟೆಯ ಪೇಟೆಯ ನಡುವೆ ನಿಂತಿದ್ದರು. ಉಸ್ತಾದರು ಪಂಪು ಬಿಚ್ಚಿ, ಒಳಗಿನ ವಾಲ್ವಿನಿಂದ ಚಿಮಟದಲ್ಲಿ ಏನನ್ನೋ ಎಳೆದರು. ಬೆರಳುದ್ದದ ಎಳೆ.

“ಸುಬ್ರಾಯ, ಇದು ಎಂತದು?”

“ನೂಲು, ಉಸ್ತಾದ್ರೆ.”

“ಜೀಪಿಗೆ ನೂಲು ಯಾವ ಅಂಗಡಿಲಿ ಸಿಗ್ತದೆ?”

ನನ್ನ ಜೊತೆ ಕೆಲಸ ಮಾಡುತ್ತಿದ್ದ ಕಾಯ್ಕಿಣಿಯ ನಾಗಪ್ಪ ಟಾಯರಿನ ಮೇಲೆ ಕೂತಿದ್ದ. ನನಗಿಂತ ಆರು ವರ್ಷ ದೊಡ್ಡವ, ಕೆಲಸದಲ್ಲಿ ಗಟ್ಟಿ, ಬಾಯಲ್ಲಿ ಇನ್ನೂ ಗಟ್ಟಿ. “ಅವ ಜೀಪಿಗೆ ಹಾಯಿ ಕಟ್ಟೂಕೆ ಹೊರಟಿದ್ದ ಕಾಣ್ತದೆ ಉಸ್ತಾದ್ರೆ. ನಾಳೆ ಹುಟ್ಟೂ ತಕಂಡು ಬತ್ತ” ಎಂದ.

ಉಸ್ತಾದರು ನಗಲಿಲ್ಲ. ಹೆಗಡೆಯವರ ಎದುರಿಗೇ ನನ್ನನ್ನು ಕೂರಿಸಿಕೊಂಡು ಹೇಳಿದರು: “ನಟ್ಟಿನ ಕೆಲಸ ಪೈಪನ್ನು ಒತ್ತಿ ಹಿಡಿಯುವುದು ಮಾತ್ರ. ತಡೆಯುವುದು ಪೈಪಿನ ಬಾಯಿ. ತಾಮ್ರದ ಬಾಯಿ ಹಿತ್ತಾಳೆಯ ಮೇಲೆ ಸರಿಯಾಗಿ ಕೂತರೆ ನಡುವೆ ಎಂತದೂ ಬೇಡ. ಸರಿ ಕೂರದಿದ್ದರೆ ನೀನು ಎಂತ ತುರುಕಿದರೂ ಅದು ಸುಳ್ಳು. ದೋಣಿಗೆ ನೀರು ಬಂದ್ರೆ ನಿನ್ನ ಅಪ್ಪ ಮೊಗೆದು ಹಾಕ್ತ. ಇಲ್ಲಿ ಮೊಗೀಲಿಕ್ಕೆ ಯಾರಿದ್ದಾರೆ?” ದನಿ ಏರಿಸದೆ, “ನಾನು ಹೇಳೋ ತನಕ ಪೆಟ್ರೋಲ್ ಪೈಪು ಮುಟ್ಟಬೇಡ” ಎಂದರು.

ಒಂದು ತಿಂಗಳು ಇರಬಹುದು ಎಂದುಕೊಂಡೆ. ನಾಲ್ಕು ವರ್ಷ ಹೇಳಲಿಲ್ಲ.

ಬ್ರೇಕು, ಸ್ಪ್ರಿಂಗು, ಕ್ಲಚ್ಚು, ಗೇರ್ ಬಾಕ್ಸು, ಎಲ್ಲ ಮಾಡಿದೆ. ಬೇರೆ ಗ್ಯಾರೇಜಿನವರು ಕರೆದರು. ಹೋಗಬಹುದಿತ್ತು. ಹೋದರೆ ನನ್ನನ್ನು ಪೈಪಿಗೆ ಅಯೋಗ್ಯ ಎಂದ ಮನುಷ್ಯನ ಮಾತು ಹಾಗೇ ಉಳಿದುಬಿಡುತ್ತದಲ್ಲ. ಪೇಟೆಯಲ್ಲಿ ನನ್ನ ಹೆಸರು ನೂಲು ಸುಬ್ರಾಯ ಎಂದೇ ಆಗಿತ್ತು. ಹೊನ್ನಾವರದಲ್ಲಿ ಹೆಣ್ಣು ನೋಡಲು ಹೋದ ಮನೆಯಲ್ಲೂ, “ಭಟ್ಕಳದ ನೂಲು ಸುಬ್ರಾಯ ಅಂದ್ರೆ ನೀವೆಯಾ?” ಎಂದು ಕೇಳಿದರು. ಜವಳಿ ವ್ಯಾಪಾರ ಎಂದು ತಿಳಿದಿದ್ದರು. ನಾನು ತಿದ್ದಲಿಲ್ಲ.

ನನಗೆ ಉಳಿದದ್ದು ಟ್ಯಾಂಕು. ಪೈಪಿನ ಕೆಲಸಕ್ಕೆ ಮೊದಲು ಟ್ಯಾಂಕು ಬರಿದು ಮಾಡಬೇಕು, ಆಮೇಲೆ ತುಂಬಬೇಕು. ಆ ಕೂಲಿ ಕೆಲಸ ನನ್ನದು. ಹತ್ತು ಲೀಟರಿನ ಡಬ್ಬಗಳಲ್ಲಿ ಇಳಿಸಿ, ಎಷ್ಟು ಡಬ್ಬ ಎಂದು ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಒಮ್ಮೆ ಕುಮಟೆಗೆ ಹೋದಾಗ ದಾರಿಯಲ್ಲಿ ಒಂದು ಜೀಪಿನ ಟ್ಯಾಂಕಿಗೆ ಸೂಜಿಮೊನೆಯಷ್ಟು ತೂತು ಬಿದ್ದು ಸೋರುತ್ತಿತ್ತು. ಪಕ್ಕದ ಮನೆಯಿಂದ ಬಟ್ಟೆ ಒಗೆಯುವ ಸಾಬೂನು ತಂದು ಉಜ್ಜಿ ಉಜ್ಜಿ ಮುಚ್ಚಿದೆ. ಸಾಬೂನು ಪೆಟ್ರೋಲಿಗೆ ಕರಗುವುದಿಲ್ಲ, ಊರು ಮುಟ್ಟುವ ತನಕ ಹಿಡಿಯುತ್ತದೆ. ಉಸ್ತಾದರಿಗೆ ಸುದ್ದಿ ಹೋಯಿತು.

“ಮುಟ್ಟಬೇಡ ಹೇಳಿದ್ದೆ.”

“ಪೈಪು ಮುಟ್ಟಬೇಡ ಅಂದಿದ್ರಿ ಉಸ್ತಾದ್ರೆ. ಟ್ಯಾಂಕು ಪೈಪಲ್ಲ.”

ಆ ದಿನ ಅವರ ಮೀಸೆ ಸ್ವಲ್ಪ ಅಲ್ಲಾಡಿದ್ದನ್ನು ಕಂಡೆ. ಅಪ್ಪಣೆ ಮಾತ್ರ ಬರಲಿಲ್ಲ.

ಕೂತು ನೋಡುವವನಿಗೆ ಎಷ್ಟು ಕಾಣುತ್ತದೆ ಎಂದು ಆ ವರ್ಷಗಳಲ್ಲಿ ತಿಳಿಯಿತು. ನಾಗಪ್ಪ ಅವಸರದ ದಿನ ಅರಳಿಸಿದ ಬಾಯಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಉಸ್ತಾದರದು ಯಾವ ದಿನವೂ ಒಂದೇ. ಅವರು ಪೈಪಿನ ಬಾಯಿ ಅರಳಿಸುವ ಶಂಕುವನ್ನು ತಿರುಗಿಸುವಾಗ ಪ್ರತಿ ಅರ್ಧ ಸುತ್ತಿಗೆ ನಿಲ್ಲಿಸಿ ಕಾಲು ಸುತ್ತು ಹಿಂದೆ ಬರುತ್ತಿದ್ದರು, ತಾಮ್ರಕ್ಕೆ ಉಸಿರು ಬಿಡಲು ಸಮಯ ಕೊಟ್ಟ ಹಾಗೆ. ನಟ್ಟು ಬಿಗಿಯುವಾಗ ಒಂದು ಪಾನಾ ಹಿಡಿದುಕೊಳ್ಳುತ್ತಿತ್ತು, ಇನ್ನೊಂದು ತಿರುಗುತ್ತಿತ್ತು. ತೋಳಿನ ಬಲ ಎಂದೂ ಇಲ್ಲ, ಬರೀ ಮಣಿಕಟ್ಟು. ಈಗಿನವರು ರಬ್ಬರ್ ನಳಿಗೆ ಏರಿಸಿ ಕ್ಲಿಪ್ಪು ಬಿಗಿದು ಮುಗಿಸುತ್ತಾರೆ. ಬೇಗ ಆಗುತ್ತದೆ, ತಪ್ಪೆನ್ನಲಾರೆ. ಆದರೆ ಈಗಿನ ಪೆಟ್ರೋಲಿಗೆ ಹಳೆಯ ಕಾಲದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಹಳೆಯ ಜೀಪಿಗೆ ಕೈ ಹಾಕುವುದಾದರೆ ಯಾವ ನಳಿಗೆ ಎಂದು ಕೇಳಿ ತನ್ನಿ, ಅಂಗಡಿಯವ ಕೊಟ್ಟದ್ದನ್ನು ತರಬೇಡಿ.

ಪೈಪು ಮುಟ್ಟದೆ ಕಾದ ನಾಲ್ಕನೆಯ ವರ್ಷ ಹೆಗಡೆಯವರ ಜೀಪು ಘಟ್ಟದಲ್ಲಿ ನಿಲ್ಲತೊಡಗಿತು. ಸಮತಟ್ಟಿನಲ್ಲಿ ಹಂಸದ ಹಾಗೆ ಓಡುತ್ತಿತ್ತು. ದೇವಿಮನೆಯ ಏರಿನಲ್ಲಿ ನಾಲ್ಕೈದು ತಿರುವು ದಾಟುವಷ್ಟರಲ್ಲಿ ಕೆಮ್ಮಿ ಸಾಯುತ್ತಿತ್ತು. ಹಿಂದಕ್ಕೆ ಬಿಟ್ಟು, ತಿರುವಿನ ಅಗಲದಲ್ಲಿ ಅಡ್ಡ ನಿಲ್ಲಿಸಿ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಅರ್ಧ ಗಂಟೆ ಕಾದರೆ ಮತ್ತೆ ಚಾಲೂ ಆಗುತ್ತಿತ್ತು. ಬಿಸಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗುತ್ತದೆ ಎಂದು ಎಲ್ಲರೂ ಹೇಳಿದರು. ಅಂಥ ರೋಗ ಇರುವುದು ನಿಜ. ಉಸ್ತಾದರೂ ಹಾಗೇ ತಿಳಿದು ಪೈಪನ್ನು ಸೈಲೆನ್ಸರಿನಿಂದ ದೂರ ಸರಿಸಿದರು. ಟ್ಯಾಂಕು ತುಂಬಿಸಿ ತಾವೇ ಕೂತು ದೇವಿಮನೆಯ ತುದಿಯವರೆಗೆ ಓಡಿಸಿದರು. ಎಲ್ಲೂ ನಿಲ್ಲಲಿಲ್ಲ. ವಾರದೊಳಗೆ ಹೆಗಡೆಯವರು ಹಿಂದೆ ಬಂದರು. ನಾಗಪ್ಪ ಇಡೀ ಪೈಪು ಹೊಸತು ಹಾಕಿ, ಟ್ಯಾಂಕು ತುಂಬಿಸಿ, ಕೂತು ಓಡಿಸಿದ. ನಿಲ್ಲಲಿಲ್ಲ. ಹೆಗಡೆಯವರು ಮತ್ತೆ ಬಂದರು.

ಮೂರನೆಯ ಸಲ ಬಂದಾಗ ಅವರ ಮುಖ ಬೇರೆಯಾಗಿತ್ತು. “ಸಾಯ್ಬ್ರೆ, ನಿಮ್ಮ ಕೈಲಿ ಹತ್ತತ್ತು, ಯನ್ನ ಕೈಲಿ ಹತ್ತತ್ತಿಲ್ಲೆ. ಕುಮಟೆಲಿ ಎಲ್ಲಾ ನೆಗ್ಯಾಡ್ತ. ಗುಜರಿಗೆ ಕೊಟ್ಟುಬಿಡವು ಹೇಳಿ ಮಾಡಿದ್ದಿ” ಎಂದರು.

ಕಾದರ್ ಉಸ್ತಾದರ ಕೈಯಿಂದ ಹೋದ ಜೀಪು ಗುಜರಿಗೆ! ಅವರು ಹಲಸಿನ ಮರಕ್ಕೆ ಒರಗಿ ನಿಂತರು. ಅಷ್ಟು ಬೇಗ ಮನುಷ್ಯನಿಗೆ ವಯಸ್ಸಾಗುವುದನ್ನು ನಾನು ಕಂಡಿರಲಿಲ್ಲ.

ನಾನು ಟ್ಯಾಂಕು ಬರಿದು ಮಾಡುತ್ತಿದ್ದೆ. ಎರಡು ಡಬ್ಬ ತುಂಬಿತು, ಮೂರನೆಯದರ ತಳ ಮುಚ್ಚಿತು, ಮುಗಿಯಿತು. ತಗಡಿನ ಮೇಲೆ ಬರೆಯಲು ಹೋದರೆ ಹಿಂದಿನ ಎರಡು ಸಲದ್ದೂ ಹಾಗೇ ಇತ್ತು, ಎರಡು ಡಬ್ಬ, ಎರಡು ಡಬ್ಬ ಚಿಲ್ಲರೆ. ಈ ಜೀಪಿನ ಟ್ಯಾಂಕಿಗೆ ಐದೂವರೆ ಡಬ್ಬ ಹಿಡಿಯುತ್ತದೆ. ಸೀಮೆಸುಣ್ಣ ಕೈಯಲ್ಲೇ ಉಳಿಯಿತು.

“ಹೆಗ್ಡೇರೆ, ಇಲ್ಲಿಂದ ಹೋದ ಮೇಲೆ ಮೊದಲ್ನೇ ಟ್ರಿಪ್ಪಿಗೇ ನಿಲ್ತದಾ?”

“ಮೊದಲ್ನೇದಕ್ಕೆ ಇಲ್ಲೆ. ಎರಡ್ನೇದಕ್ಕೋ ಮೂರ್ನೇದಕ್ಕೋ.”

“ಮಧ್ಯ ಪೆಟ್ರೋಲ್ ಹಾಕ್ತ್ರಾ?”

“ಇಲ್ಲಿ ತುಂಬಿಸಿದ್ದು ಇರ್ತಲೋ. ಎಂತಕ್ಕೆ ಹಾಕವು?”

ಸೀಮೆಸುಣ್ಣ ಕೆಳಗಿಟ್ಟೆ. ಉಸ್ತಾದರ ಹತ್ತಿರ ಹೋಗಿ, ಅರ್ಧ ಟ್ಯಾಂಕಿನಲ್ಲಿ ಘಟ್ಟ ಹತ್ತಿಸಿ ನೋಡೋಣ ಎಂದೆ.

“ಎಂತ?”

“ನಾವು ಯಾವಾಗ್ಲೂ ತುಂಬಿಸಿಯೇ ನೋಡ್ತೇವೆ ಉಸ್ತಾದ್ರೆ. ತುಂಬಿದ್ರೆ ಅದು ನಿಲ್ಲೂದೇ ಇಲ್ಲ.”

“ನೂಲು ಮುಗಿತು, ಈಗ ಅರ್ಧ ಟ್ಯಾಂಕು” ಎಂದ ನಾಗಪ್ಪ. “ಉಸ್ತಾದ್ರ ಕಟ್ಟಳೆ ತಿದ್ದೂಕೆ ಹೊನ್ನಾವರದಿಂದ ಮಾಸ್ತರ್ರು ಬಂದ್ರು.”

ಉಸ್ತಾದರು ಅವನಿಗೆ ಸುಮ್ಮನಿರಲು ಕೈ ಮಾಡಿದರು. ತಗಡಿನ ಹತ್ತಿರ ಹೋಗಿ ನನ್ನ ಸೀಮೆಸುಣ್ಣದ ಗೆರೆಗಳನ್ನು ಬಹಳ ಹೊತ್ತು ನೋಡಿದರು. ಇಪ್ಪತ್ತೈದು ವರ್ಷ ತಾವು ಹೆಮ್ಮೆಯಿಂದ ನಡೆಸಿದ ಕಟ್ಟಳೆಯೇ ರೋಗವನ್ನು ಮುಚ್ಚಿಡುತ್ತಿದೆ ಎಂದು ತಮ್ಮ ಕೆಳಗಿನವ, ಅದೂ ಪೈಪಿಗೆ ಅಯೋಗ್ಯ ಎಂದು ತಾವೇ ದೂರ ಇಟ್ಟವ ಹೇಳಿದರೆ, ಎಷ್ಟು ಮಂದಿ ಕೇಳಿಯಾರು? ನಾನು ಆಮೇಲೆ ಗ್ಯಾರೇಜಿನ ಯಜಮಾನನಾದ ಮೇಲೆ ನನ್ನನ್ನೇ ಕೇಳಿಕೊಂಡಿದ್ದೇನೆ. ನಾನಾದರೆ ಆ ದಿನ ಕೇಳುತ್ತಿರಲಿಲ್ಲ.

“ಮೂರು ಡಬ್ಬ ಹಾಕು” ಎಂದರು. “ಕತಗಾಲ ಮುಟ್ಟೋವಾಗ ಎರಡಕ್ಕೆ ಇಳೀತದೆ. ಡಬ್ಬಿ, ತಾಮ್ರ, ಶಂಕು, ಎಲ್ಲ ಹಿಂದೆ ಇಡು.”

ಕೊನೆಯ ಜೋಡಣೆ ನಾಗಪ್ಪನದು, ಆದ್ದರಿಂದ ಅವನೇ ಓಡಿಸಿದ. ಸ್ಟೇರಿಂಗ್ ಎಡಕ್ಕಾದ್ದರಿಂದ ಮುಂದಿನ ಗಾಡಿ ದಾಟಿಸಬೇಕಾದರೆ ಬಲಗಡೆ ಕೂತವರು ನೋಡಿ ಹೇಳಬೇಕು. ಹೆಗಡೆಯವರು ಆ ಕೆಲಸಕ್ಕೆ ಕೂತರು. ಹಿಂದೆ ಉಸ್ತಾದರು, ನಾನು. ಹೊನ್ನಾವರ ದಾಟಿತು, ಕರ್ಕಿ ದಾಟಿತು, ಕುಮಟೆಯಲ್ಲಿ ಬಲಕ್ಕೆ ತಿರುಗಿ ಕತಗಾಲ. ಒಂದು ಕೆಮ್ಮು ಇಲ್ಲ. ನಿಲ್ಲದೇ ಹೋದರೆ ಏನು ಗತಿ ಎಂದು ನಾನು ಒಳಗೇ ಬೆವರುತ್ತಿದ್ದೆ. ಗಾಡಿ ಕೆಡಲಿ ಎಂದು ಬೇಡಿಕೊಂಡ ಮೆಕ್ಯಾನಿಕ್ ನಾನೊಬ್ಬನೇ ಇರಬೇಕು.

ಏರು ಶುರುವಾಯಿತು. ಒಂದು ತಿರುವು, ಎರಡು, ಮೂರು.

“ಬಸ್ಸು ಬತ್ತಾ ಇದ್ದು, ಬದಿಗೆ ಬದಿಗೆ!” ಎಂದು ಹೆಗಡೆಯವರು ಕೂಗಿದರು. ಬಸ್ಸು ಇಳಿದುಹೋಯಿತು. ನಾಲ್ಕನೆಯ ತಿರುವಿನಲ್ಲಿ ಜೀಪು ಕೆಮ್ಮಿತು. ಐದನೆಯದರ ಮೊದಲೇ ಸತ್ತಿತು.

ನಾಗಪ್ಪ ಒದ್ದೆ ಬಟ್ಟೆಗೆ ಕೈ ಹಾಕಿದ. “ಬೇಡ” ಎಂದರು ಉಸ್ತಾದರು. ಗಾಡಿಯನ್ನು ಹಿಂದಕ್ಕೆ ಬಿಟ್ಟು ತಿರುವಿನ ಸಮತಟ್ಟಿನಲ್ಲಿ ಅಡ್ಡ ನಿಲ್ಲಿಸಿದೆವು. ನೀರು ಹಾಕಲಿಲ್ಲ, ಕಾಯಲೂ ಇಲ್ಲ. ಎಳೆದ ಪೆಟ್ರೋಲು ಪಂಪಿಗೆ ಏರುವಷ್ಟು ಹೊತ್ತು ನಾಗಪ್ಪ ಸ್ಟಾರ್ಟರ್ ಒತ್ತಿದ. ಚಾಲೂ ಆಯಿತು. ಇಷ್ಟು ದಿನ ಗುಣವಾದದ್ದು ತಂಪಿನಿಂದ ಅಲ್ಲ, ಸಮತಟ್ಟಿನಿಂದ. ಏರಿನಲ್ಲಿ ಟ್ಯಾಂಕಿನ ಪೆಟ್ರೋಲು ಹಿಂದಕ್ಕೆ ಸರಿಯುತ್ತದೆ. ಅದನ್ನು ಎಳೆಯುವ ಪೈಪು ಟ್ಯಾಂಕಿನೊಳಗೆ ಮುಂದಿನ ಬದಿಯಲ್ಲಿ ತಳದವರೆಗೆ ಇಳಿದಿರುತ್ತದೆ. ಆ ಪೈಪಿನ ನಡುವೆ ಎಲ್ಲೋ ತೂತು ಇದ್ದರೆ ಪೆಟ್ರೋಲು ತಗ್ಗಿದಾಗ ಅದು ಗಾಳಿ ಎಳೆಯುತ್ತದೆ. ಹೊರಗೆ ಒಂದು ಹನಿ ಒದ್ದೆ ಇಲ್ಲ, ಹಿಂಗೈಗೆ ತಂಪು ಇಲ್ಲ. ಹೊರಗಿನ ಪೈಪನ್ನು ನೂರು ಸಲ ಬದಲಿಸಿದರೂ ಪ್ರಯೋಜನವಿಲ್ಲ.

ಕತಗಾಲಕ್ಕೆ, ಹೆಗಡೆಯವರ ಮನೆಗೆ ಇಳಿದೆವು. ಇಂಜಿನ್ನು ತಣಿದ ಮೇಲೆ, ಬಯಲಿನಲ್ಲಿ, ಬ್ಯಾಟರಿಯ ತಂತಿ ಕಳಚಿ, ಆ ಒಳಪೈಪನ್ನು ನಾಗಪ್ಪ ಎಳೆದು ತೆಗೆದ. ಒರೆಸಿ, ಒಣಗಿಸಿ, ಉಸ್ತಾದರು ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಊದಿದರು. ನಡುವೆ ಒಂದು ಬೆಸುಗೆಯ ಗಂಟಿತ್ತು. ಅದರ ಅಂಚಿನಿಂದ ಗುಳ್ಳೆಗಳು ಸಾಲಾಗಿ ಎದ್ದವು.

“ಯಾವ ಗುಜರಿಯವ ಬೆಸೆದದ್ದು ಇದು?” ಎಂದ ನಾಗಪ್ಪ.

ಉಸ್ತಾದರು ಪೈಪನ್ನು ಬಿಸಿಲಿಗೆ ಹಿಡಿದು ತಿರುಗಿಸಿದರು. “ನಾನು” ಎಂದರು. “ಹೆಗ್ಡೇರು ಜೀಪು ತಂದ ಹೊಸತರಲ್ಲಿ ಮಾಡಿದ್ದು. ಆವತ್ತು ತಾಮ್ರ ಇರಲಿಲ್ಲ. ಆಮೇಲೆ ಬದಲಿಸ್ತೇನೆ ಅಂದಿದ್ದೆ. ತುಂಬಿದ ಟ್ಯಾಂಕಿನ ಮೇಲೆ ಕೂತು ಓಡಿಸಿದೆ, ಸರಿ ಇತ್ತು, ಮರೆತೆ.” ಹೆಗಡೆಯವರ ಕಡೆ ತಿರುಗಿದರು. “ನಿಮ್ಮ ಗಾಡಿದು ತಪ್ಪಿಲ್ಲ ಹೆಗ್ಡೇರೆ, ನಿಮ್ಮ ಕೈದೂ ಅಲ್ಲ. ನನ್ನದು.”

ನಾನು ಇಷ್ಟು ವರ್ಷದಲ್ಲಿ ಇಂಜಿನಿಯರುಗಳನ್ನು ಕಂಡಿದ್ದೇನೆ, ಶೋರೂಮಿನ ಮ್ಯಾನೇಜರುಗಳನ್ನು ಕಂಡಿದ್ದೇನೆ. ಗಿರಾಕಿಯ ಎದುರಿಗೆ ಈ ಮಾತು ಆಡಿದವರನ್ನು ಇನ್ನೊಬ್ಬರನ್ನು ಕಂಡಿಲ್ಲ. ಹೆಗಡೆಯವರಿಗೇ ನಾಚಿಕೆಯಾಗಿ, “ಇರ್ಲಿ ಬಿಡಿ ಸಾಯ್ಬ್ರೆ, ಅಷ್ಟು ವರ್ಷ ಹಿಡ್ದಿದ್ದೇ ದೊಡ್ಡದು” ಎಂದು ಒಳಗೆ ಕುಡಿಯಲು ನೀರು, ಬೆಲ್ಲ ತರಲು ಹೋದರು.

ಉಸ್ತಾದರು ತಾಮ್ರದ ಸುರುಳಿ ತೆಗೆದು ಅಳತೆ ಹಿಡಿದು ಕತ್ತರಿಸಿದರು. ನಾಗಪ್ಪ ಕೈ ಚಾಚಿದ. ಅವರು ಅದನ್ನು ನನ್ನ ಮುಂದೆ ಹಿಡಿದರು.

“ನನ್ನ ತಪ್ಪು ಹಿಡಿದವ ನೀನು. ನೀನೇ ಮಾಡು.”

ನಾಲ್ಕು ವರ್ಷ ಕಾದ ಮಾತು. ಹೆಗಡೆಯವರ ಬಚ್ಚಲೊಲೆಯ ಕೆಂಡದಲ್ಲಿ ತುದಿ ಕಾಯಿಸಿದೆ, ನೀರಿಗೆ ಅದ್ದಿದೆ. ಅರದಿಂದ ಬಾಯಿ ಸಮ ಮಾಡಿದೆ, ಒಳಗಿನ ಸಿಬಿರು ತೆಗೆದೆ. ನಟ್ಟು ತೂರಿಸಿದೆ. “ನಟ್ಟು ನೆನಪಿತ್ತಾ!” ಎಂದ ನಾಗಪ್ಪ, ಆದರೆ ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ. ಶಂಕು ಇಳಿಸಿದೆ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಬಾಯಿ ಅರಳಿತು. ತೆಗೆದು ಬಿಸಿಲಿಗೆ ಹಿಡಿದೆ. ನೋಡಿದೆ. ಗರಗಸ ತೆಗೆದು ಆ ತುದಿಯನ್ನು ಕತ್ತರಿಸಿ ಎಸೆದೆ.

“ಎಂತಕ್ಕೆ ಕತ್ತರಿಸಿದೆ?” ಎಂದರು ಉಸ್ತಾದರು.

“ಅಂಚಲ್ಲಿ ಒಂದು ಗೆರೆ ಇತ್ತು. ಕೂದಲಷ್ಟು.”

ಅವರು ನೆಲದಿಂದ ತುಂಡು ಹೆಕ್ಕಿ ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. “ನಂಗೆ ಕಾಣ್ತಿಲ್ಲ.”

“ನಂಗೆ ಕಾಣ್ತದೆ ಉಸ್ತಾದ್ರೆ.”

“ಹ್ಮ್. ಮಾಡು.”

ಪೈಪಿನಲ್ಲಿ ಇನ್ನೊಂದು ಬಾಯಿಗೆ ಸಾಕಾಗುವಷ್ಟೇ ಉದ್ದ ಉಳಿದಿತ್ತು. ಮತ್ತೆ ಕಾಯಿಸಿದೆ, ಮತ್ತೆ ಅದ್ದಿದೆ. ಈ ಸಲ ಅವಸರ ಮಾಡಲಿಲ್ಲ. ಬಾಯಿ ಸುತ್ತಲೂ ಒಂದೇ ದಪ್ಪಕ್ಕೆ ಬಂತು. ಟ್ಯಾಂಕಿಗೆ ಇಳಿಸಿ, ಒಂದು ಪಾನಾ ಹಿಡಿದು, ಇನ್ನೊಂದನ್ನು ಮಣಿಕಟ್ಟಿನಿಂದ ಬಿಗಿದೆ. ನಡುವೆ ಎಂತದೂ ಇಲ್ಲ, ತಾಮ್ರ ಮತ್ತು ಹಿತ್ತಾಳೆ ಮಾತ್ರ. ಉಸ್ತಾದರು ಅದರ ಮೇಲೆ ಹಿಂಗೈ ಆಡಿಸಿದರು.

ಟ್ಯಾಂಕಿನಲ್ಲಿ ಎರಡು ಡಬ್ಬ ಪೆಟ್ರೋಲು. ಸೀಟು ಕೂರಿಸಿ, ಕೈ ಒರೆಸಿಕೊಂಡು, ಓಡಿಸಲು ಎಡಗಡೆಗೆ ಹೋದೆ. ನನ್ನ ಜೋಡಣೆ, ನಾನು ಕೂರಬೇಕು. ಅಷ್ಟರಲ್ಲಿ ಉಸ್ತಾದರು ನನ್ನನ್ನು ಬದಿಗೆ ಸರಿಸಿ ತಾವೇ ಹತ್ತಿ ಆ ಸೀಟಿನಲ್ಲಿ ಕೂತರು.

“ಉಸ್ತಾದ್ರೆ, ಅದು ನನ್ನ ಕೆಲಸ. ನಾನು ಕೂರಬೇಕು.”

“ನಿನ್ನ ಕೆಲಸ ಗೊತ್ತುಂಟು. ಅದಕ್ಕೇ ಕೂತದ್ದು” ಎಂದು ಸ್ಟೇರಿಂಗ್ ಹಿಡಿದರು. “ಆಚೆ ಕೂರು. ಬಸ್ಸು ಬಂದ್ರೆ ಹೇಳು.”

ನಾಗಪ್ಪ ಹಿಂದಿನಿಂದ ನನ್ನ ಬೆನ್ನಿಗೆ ಮೆಲ್ಲಗೆ ಗುದ್ದಿದ. ಅವನು ಅಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವ. ಅವನ ಜೋಡಣೆಯ ಮೇಲೆ ಉಸ್ತಾದರು ಕೂತಿರಲಿಲ್ಲ. ಗುದ್ದಿನಲ್ಲಿ ಹೊಟ್ಟೆಕಿಚ್ಚು ಎಷ್ಟು, ಪ್ರೀತಿ ಎಷ್ಟು ಎಂದು ನಾನು ತೂಗಲು ಹೋಗಲಿಲ್ಲ.

ನಾಲ್ಕನೆಯ ತಿರುವು ದಾಟಿತು. ಐದನೆಯದು ದಾಟಿತು. ಉಸ್ತಾದರು ಕಣ್ಣು ಮುಚ್ಚುವಂತಿರಲಿಲ್ಲ, ಓಡಿಸುತ್ತಿದ್ದರಲ್ಲ. ಕಿವಿ ಮಾತ್ರ ಕೆಳಗೆ ಇತ್ತು. ನಾನು ಬಸ್ಸು ಎಂದಾಗ ಬದಿಗೆ ತೆಗೆದರು, ಇಲ್ಲ ಎಂದಾಗ ಮುಂದೆ ಹೋದರು. ಘಟ್ಟದ ತುದಿಯಲ್ಲಿ ಗಾಡಿ ನಿಲ್ಲಿಸಿ ಇಳಿದರು. ಟೊಪ್ಪಿ ತೆಗೆದು ನೆತ್ತಿಯ ಬೆವರು ಒರೆಸಿ ಮತ್ತೆ ಹಾಕಿಕೊಂಡರು.

“ಆತು” ಎಂದರು. ಅಷ್ಟೇ. ಚಹಾದ ಅಂಗಡಿಯ ಕಡೆ ನಡೆದರು.

ಆ ಜೀಪು ಗುಜರಿಗೆ ಹೋಗಲಿಲ್ಲ. ಉಸ್ತಾದರು ತೀರಿಕೊಂಡ ಮೇಲೆ ಹೊನ್ನಾವರದಲ್ಲಿ ನನ್ನ ಗ್ಯಾರೇಜಿನಲ್ಲಿ ಅವರ ಕಟ್ಟಳೆಯನ್ನೇ ನಡೆಸಿದೆ, ಒಂದು ಬದಲಾವಣೆಯೊಂದಿಗೆ: ಒಮ್ಮೆ ತುಂಬಿದ ಟ್ಯಾಂಕು, ಒಮ್ಮೆ ಅರ್ಧ. ಎರಡು ವರ್ಷದ ಹಿಂದೆ ಗ್ಯಾರೇಜಿನ ಬಾಗಿಲು ಹಾಕಿದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಮೂರು ಕೋಣೆಯ ಹಂಚಿನ ಮನೆ. ನನ್ನನ್ನು ಜವಳಿ ವ್ಯಾಪಾರಿ ಎಂದು ನಂಬಿ ಮದುವೆಯಾಗಿ ಈಗಲೂ ಅದನ್ನು ಹೇಳಿ ತೋರಿಸುವ ಹೆಂಡತಿ. ಎರಡು ಹೆಣ್ಣುಮಕ್ಕಳು, ಮೂರು ಮೊಮ್ಮಕ್ಕಳು. ಒಂದು ಸ್ಕೂಟರು, ಎರಡು ಕನ್ನಡಕ, ಸಕ್ಕರೆ ಕಾಯಿಲೆಗೆ ದಿನಕ್ಕೆ ಎರಡು ಗುಳಿಗೆ. ಬಲಗೈಯಲ್ಲಿ ನಾಲ್ಕೂವರೆ ಬೆರಳು. ಪೆಟ್ರೋಲ್ ಪೈಪು ಮುಟ್ಟಲು ನಾನು ಅಪ್ಪಣೆ ಕೊಟ್ಟವರು ಏಳು ಮಂದಿ. ಅವರಲ್ಲಿ ಐದು ಮಂದಿಯ ಜೋಡಣೆಯ ಮೇಲೆ ನಾನು ಕೂತಿದ್ದೇನೆ.